ಅಕ್ಕ ನುಗ್ಗೆಹುಳ ತೆಗೆದದ್ದು

ಸೆಪ್ಟೆಂಬರ್ 8, 2025. ಸೋಮವಾರ

ಬಟ್ಟೆ ಒಗೆಯುವ ಕಲ್ಲನ್ನು ಇವತ್ತೂ ಗುಡಿಸಿಯೇ ಬಟ್ಟೆ ಹಾಕಬೇಕಾಯಿತು. ಕಪ್ಪು ಕಪ್ಪು ಕಾಳು. ಸಾಸಿವೆಗಿಂತ ದಪ್ಪ. ಕೆಲವು ದಿನದಿಂದ ಇಲಿ ಹಿಕ್ಕೆ ಅಂತ ಗುಡಿಸುತ್ತಿದ್ದೇನೆ. ಇವತ್ತು ಒಂದನ್ನು ನೀರಿಗೆ ಹಾಕಿ ಹಿಚುಕಿದೆ — ಹಸಿರು ಬಿಟ್ಟಿತು. ಸೊಪ್ಪು ತಿಂದದ್ದರ ಹಿಕ್ಕೆ. ತಲೆ ಎತ್ತಿ ನೋಡಿದೆ. ನುಗ್ಗೆಮರದ ತುದಿಯಲ್ಲಿ ಎಲೆಯೇ ಇಲ್ಲ. ಬರೀ ಕಡ್ಡಿ.

ಹೆಸರಿಗೆ ಲ್ಯಾಬ್ ಟೆಕ್ನಿಷಿಯನ್. ದಿನವಿಡೀ ಊರವರ ರಕ್ತ, ಕಫ ನೋಡುತ್ತೇನೆ. ಸ್ವಂತ ಹಿತ್ತಲು ನೋಡಲು ಇಷ್ಟು ದಿನ.

ಬೆಳಗಿನ ಬಸ್ಸು ತಪ್ಪಿತು. ಹಲಗೂರಿಗೆ ಆಟೋ, ಅಲ್ಲಿಂದ ಮಳವಳ್ಳಿ ಬಸ್ಸು, ನಿಂತುಕೊಂಡೇ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಡಿಯಾರ ನೋಡಿದರು. ಡೆಂಗಿ ಸ್ಯಾಂಪಲ್ ರಾಶಿ ಬಿದ್ದಿತ್ತು.

ಸೆ. 9, ಮಂಗಳವಾರ. ಬೆಳಿಗ್ಗೆ

ಸಿಕ್ಕವು.

ಕಾಂಡದ ಮೇಲೆ, ನೆರಳಿನ ಕಡೆ, ನನ್ನ ಎದೆಯೆತ್ತರದಲ್ಲಿ. ದೂರಕ್ಕೆ ತೊಗಟೆ ಉಬ್ಬಿಕೊಂಡ ಹಾಗಿದೆ. ಹತ್ತಿರ ಹೋದರೆ ಉಬ್ಬು ಅಲುಗುತ್ತದೆ. ಕಂಬಳಿಹುಳು. ಒಂದರ ಮೈಮೇಲೆ ಒಂದು. ಕಂದು ಮೈ, ಬೂದುಬಣ್ಣದ ಉದ್ದ ಕೂದಲು. ಇರುಳೆಲ್ಲ ಮೇಲೆ ಹೋಗಿ ಮೇಯುವುದು, ಬೆಳಕು ಹರಿದರೆ ಇಳಿದು ಬಂದು ಒಟ್ಟಿಗೆ ಮಲಗುವುದು. ಅದಕ್ಕೇ ನಿನ್ನೆ ಸಂಜೆ ಎಲೆಗಳಲ್ಲಿ ಎಷ್ಟು ಹುಡುಕಿದರೂ ಕಾಣಲಿಲ್ಲ.

ಹಿಂದೆ ಸರಿದು ನಿಂತೆ. ಹುಳ ಅಂದರೆ ಚಿಕ್ಕಂದಿನಿಂದ ಆಗದು. ರೇಷ್ಮೆ ಬೆಳೆಯುವ ಊರಿಗೆ ಸೊಸೆಯಾಗಿ ಬಂದೂ ಒಂದು ದಿನ ಹುಳದ ಮನೆಯೊಳಗೆ ಕಾಲಿಟ್ಟವಳಲ್ಲ. ಅತ್ತೆ ಇದ್ದಾಗಲೂ ಆ ಕೆಲಸವೆಲ್ಲ ಶಿವನಂಜಮ್ಮನದೇ.

ಶಿವನಂಜಮ್ಮ. ಭಾವ ಕೆಂಪಸಿದ್ದಯ್ಯನವರ ಹೆಂಡತಿ, ನನ್ನ ವಾರಗಿತ್ತಿ. ಹಿತ್ತಲ ಗೋಡೆಯಾಚೆ ಅವರ ಮನೆ. ಗೋಡೆಗೆ ಒತ್ತಿಕೊಂಡೇ ಅವರ ಹುಳದ ಮನೆ. ಭಾಗವಾಗಿ ಒಂದೂವರೆ ವರ್ಷ. ಗೋಡೆ ಒಂದು ಮೊಳ ಆಚೆ ಬರಬೇಕಿತ್ತೋ ಈಚೆಗೋ ಅಂತ ಅಣ್ಣತಮ್ಮ ಮಾತು ಬಿಟ್ಟರು. ಅವರು ಬಿಟ್ಟ ಮೇಲೆ ನಾವಿಬ್ಬರೂ ಬಿಟ್ಟೆವು. ಬಿಡಿ ಅಂತ ಯಾರೂ ಹೇಳಿರಲಿಲ್ಲ.

ಹುಳದ ಫೋಟೊ ತೆಗೆಯುವಾಗ ಗೋಡೆಯಾಚೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೋಯಿತು. ಹೊರೆ ಮಾತ್ರ ಕಾಣುತ್ತದೆ, ಹೊತ್ತವಳು ಕಾಣುವುದಿಲ್ಲ. ಅಷ್ಟು ದೊಡ್ಡ ಹಸಿ ಹೊರೆ, ಒಂದಿಷ್ಟೂ ಓಲಾಡದೆ ನೀರಿನ ಮೇಲೆ ಹೋದ ಹಾಗೆ ಹೋಗುತ್ತದೆ. ದಿನಾ ನಿಂತು ನೋಡುತ್ತೇನೆ. ಯಾರಿಗೆ ಹೇಳುವುದು.

ಸೆ. 10, ಬುಧ

ಒಂದು ಹುಳವನ್ನು ಇಕ್ಕಳದಲ್ಲಿ ಹಿಡಿದು ಡಬ್ಬಿಗೆ ಹಾಕಿ ಲ್ಯಾಬಿಗೆ ಒಯ್ದಿದ್ದೆ. ಊಟದ ಹೊತ್ತಲ್ಲಿ ಅದರ ಕೂದಲು ಸ್ಲೈಡ್ ಮೇಲೆ. ಮೈಕ್ರೋಸ್ಕೋಪಿನಲ್ಲಿ ಕೂದಲಲ್ಲ ಅದು — ಈಟಿ. ಉದ್ದಕ್ಕೂ ಹಿಂದಕ್ಕೆ ಬಾಗಿದ ಮುಳ್ಳು. ಒಳಗೆ ಹೋದರೆ ವಾಪಸ್ ಬರುವ ಮಾತೇ ಇಲ್ಲ. ಎಂಥ ಕುಸುರಿ! ಹೆದರಿಕೆಯಾಗುವ ಬದಲು ನೋಡುತ್ತಲೇ ಕೂತೆ. ಡಾಕ್ಟರಮ್ಮನನ್ನೂ ಕರೆದು ತೋರಿಸಿದೆ.

"ಅರುಂಧತಿ, ನಿಮಗೆ ಮೊದಲೇ ವೀಸಿಂಗ್, ಉಬ್ಬಸ ಇದೆ. ಇದರ ಹತ್ತಿರ ಸುಳಿಯಬೇಡಿ" ಅಂದರು.

ಮಂಡ್ಯದಲ್ಲಿ ಕೃಷಿ ವಿಭಾಗದಲ್ಲಿರುವ ನನ್ನ ಕ್ಲಾಸ್‌ಮೇಟ್ ದೀಪಿಕಗೆ ಫೋಟೊ ಕಳಿಸಿದ್ದೆ. ಸಂಜೆ ವಾಯ್ಸ್ ಮೆಸೇಜು. "ನುಗ್ಗೆ ಕಂಬಳಿಹುಳಾನೇ ಕಣೆ. ಹಗಲು ಗುಂಪಾಗಿ ಕಾಂಡಕ್ಕೆ ಇಳಿಯುತ್ತಲ್ಲ, ಅದೇ ಅದರ ವೀಕ್ನೆಸ್ಸು. ಬೆಳಿಗ್ಗೇನೇ ಪೊರಕೆಯಲ್ಲಿ ಸೋಪಿನ ನೀರಿಗೆ ಗುಡಿಸಿಬಿಡು. ಬೋಳಾದ ಕೊಂಬೆ ಕಡಿಸು, ನುಗ್ಗೆ ಮತ್ತೆ ಚಿಗುರುತ್ತೆ. ಕಾಂಡಕ್ಕೆ ಗೋಣಿ ಸುತ್ತಿ ಗ್ರೀಸ್ ಬಳಿದರೆ ಉಳಿದವು ಹತ್ತಲ್ಲ. ಔಷಧಿ ಹೊಡೆಯೋದೆಲ್ಲ ಕೊನೇ ಮಾತು. ಪಕ್ಕದಲ್ಲಿ ರೇಷ್ಮೆ ಇದ್ದರಂತೂ ಬೇಡವೇ ಬೇಡ."

ಪಕ್ಕದಲ್ಲಿ ರೇಷ್ಮೆಯೇ ಇದೆ.

ನಿಂಬೆಗಿಡದಲ್ಲೂ ಹುಳ. ಆದರೆ ಇವು ಬೇರೆ. ಎಳೆಯವು ಥೇಟ್ ಹಕ್ಕಿ ಹಿಕ್ಕೆ. ದೊಡ್ಡವು ನುಣ್ಣಗೆ, ಹಸಿರು. ಕಡ್ಡಿಯಲ್ಲಿ ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಚಾಚಿ ಹೆದರಿಸುತ್ತವೆ! ಚಿಟ್ಟೆ ಆಗುವವು. ನಾಲ್ಕಾರು ಇರಬಹುದು. ಆರಿಸಿ ಹಾಕಿದರೆ ಮುಗಿಯಿತು, ಅವಸರವಿಲ್ಲ.

ಸೆ. 12, ಶುಕ್ರ

ನಿನ್ನೆ ಬರೆಯಲಾಗಲಿಲ್ಲ. ತಂತಿಯ ಮೇಲೆ ಒಣಗಿದ್ದ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡೆ, ಅಷ್ಟೇ. ಮರದಿಂದ ಕೂದಲು ಉದುರಿ ಅದಕ್ಕೆ ಹತ್ತಿರಬೇಕು. ಕತ್ತು ಕೆನ್ನೆಯೆಲ್ಲ ದದ್ದು. ಮಧ್ಯಾಹ್ನಕ್ಕೆ ಉಸಿರು ಕಟ್ಟಿತು. ನಮ್ಮ ಆಸ್ಪತ್ರೆಯಲ್ಲೇ ನೆಬುಲೈಸರ್ ಹಾಕಿಸಿಕೊಂಡು ಮಲಗಿದೆ.

ಇವತ್ತು ನನ್ನ ಗಂಡ ರಾಜೇಂದ್ರ ಬೆಂಗಳೂರು ಟ್ರಿಪ್ ಮುಗಿಸಿ ಬಂದವರು ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತರು. ಗಾಬರಿ. ಇವರಿಗೆ ಗಾಬರಿಯಾದಾಗ ಬರುವುದು ಸಿಟ್ಟು. ಬಸ್ಸು ಓಡಿಸುವಾಗಲೂ ಹಾಗೇ ಇರುತ್ತಾರೋ ಏನೋ. ಸಂಜೆಗೆ ಔಷಧಿ ಬಾಟಲ್ ತಂದರು.

"ಭಾನುವಾರ ಔಸ್ದಿ ಮಿಸಿನ್ನೋನು ಬತ್ತಾನೆ. ಮರ ಪೂರ್ತಿ ಹೊಡ್ಸಾಕ್ತೀನಿ."

"ಆ ಕಡೆ ಹುಳದ ಮನೆ ಐತಲ್ಲಾ."

"ಅದ್ಕೆ?"

"ಗಾಳೀಗೆ ಓಯ್ತದೆ. ಎಲ್ಲಾ ಸಾಯ್ತವೆ."

"ಕಿಟ್ಕಿ ಮುಚ್ಕಳ್ಳಿ. ನಿನ್ ಉಸ್ರು ನಿಂತೋಗಿದ್ರೆ ಅವ್ರ್ ತಂದ್ಕೊಡ್ತಿದ್ರಾ?"

ನನಗೋಸ್ಕರವೇ ಹೇಳುತ್ತಿದ್ದಾರೆ. ಅದಕ್ಕೇ ಜಗಳವಾಡುವುದು ಕಷ್ಟ. ಆದರೂ ಆಡಿದೆ. ಪೊರಕೆ, ಸೋಪಿನ ನೀರು, ದೀಪಿಕ ಹೇಳಿದ್ದೆಲ್ಲ ಹೇಳಿದೆ. "ಯಾರು ಗುಡ್ಸೋರು? ನೀನಾ?" ಅಂದರು.

ಸೆ. 13, ಶನಿ. ಸಂಜೆ

ಡ್ಯೂಟಿಯಿಂದ ಬಂದು ಗೇಟು ತೆಗೆದರೆ ಘಾಟು. ನಿಂಬೆಗಿಡದ ಎಲೆಯಿಂದ ಇನ್ನೂ ತೊಟ್ಟಿಕ್ಕುತ್ತಿದೆ. ಇವರಿಗೆ ಮಿಸಿನ್ ಬರುವವರೆಗೂ ತಡೆದಿಲ್ಲ. ಕೈಪಂಪಿನಲ್ಲಿ ನಿಂಬೆಗೆ ಹೊಡೆದು ಡ್ಯೂಟಿಗೆ ಹೋಗಿದ್ದಾರೆ. ಫೋನ್ ಮಾಡಿದರೆ, "ಇಷ್ಟೇ ಇಷ್ಟುದ್ದ ಗಿಡ. ಅದ್ರಿಂದ ಏನಾಯ್ತದೆ ಬುಡು."

ತಂತಿಯ ಮೇಲಿನ ಸೀರೆ ಗೋಡೆಯ ಕಡೆಗೇ ಹಾರುತ್ತಿತ್ತು.

ಗೋಡೆ ಹತ್ತಿರ ನಿಂತು "ಅಕ್ಕಾ" ಅಂತ ಕೂಗಿದೆ. ಒಂದೂವರೆ ವರ್ಷದ ಮೇಲೆ. ಉತ್ತರವಿಲ್ಲ. ಬೀದಿ ಸುತ್ತಿ ಹೋಗಿ ನೋಡಿದೆ. ಬೀಗ. ಇಬ್ಬರೂ ತೋಟಕ್ಕೆ ಸೊಪ್ಪು ತರಲು ಹೋಗಿರಬೇಕು. ಎದುರುಮನೆ ಚಲುವಮ್ಮನಿಗೆ ಹೇಳಿ ಬಂದೆ — ಬಂದ ತಕ್ಷಣ ಕಿಟಕಿ ಮುಚ್ಚಲು ಹೇಳಿ ಅಂತ. ಭಯ ಹೋಗುತ್ತಿಲ್ಲ.

ಸೆ. 14, ಭಾನುವಾರ

ಭಾವನ ಕೂಗಿಗೆ ಎಚ್ಚರವಾಯಿತು.

ರೇಷ್ಮೆಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು ಮಲಗುತ್ತವೆ. ಅದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಕೊನೇ ಜ್ವರದಿಂದ ಅವರ ಹುಳ ನಿನ್ನೆಯಷ್ಟೇ ಎದ್ದಿದ್ದವಂತೆ. ಇನ್ನೊಂದು ವಾರ ಹೊಟ್ಟೆ ಬಿರಿಯ ತಿಂದರೆ ಗೂಡು. ಈಗ ಕಿಟಕಿ ಪಕ್ಕದ, ಹುಳ ಮೇಯಿಸುವ ಸ್ಟ್ಯಾಂಡಿನ ಹುಳವೆಲ್ಲ ತಲೆ ಎತ್ತಿ ಆಡಿಸುತ್ತಿವೆ, ಹಸಿರು ಕಕ್ಕುತ್ತಿವೆ. ಗೋಡೆಯಾಚೆಯಿಂದ ಎಲ್ಲ ಕೇಳಿಸಿತು.

"ಬೇಕೂ ಅಂತ್ಲೇ ಮಾಡವ್ನೆ! ಇವತ್ತವುನ್ನ ಬುಡಾಕಿಲ್ಲ ನಾನು!" ಅದು ಭಾವ.

ಆಮೇಲೆ ಅಕ್ಕ ಶಿವನಂಜಮ್ಮನ ಗಂಟಲು. ಕೂಗಲಿಲ್ಲ, ಆದರೂ ಒಂದೊಂದು ಮಾತೂ ಕೇಳಿತು. "ನೀನು ಜಗಳಕ್ಕೋದ್ರೆ ಉಳ್ದ ಹುಳಕ್ಕೆ ಸೊಪ್ಪಾಕೋರ್ಯಾರು? ಮೊದ್ಲು ಈ ಸ್ಟ್ಯಾಂಡ್ ಆಚಿಕ್ ತಗಿ."

ನಾನು ಸೆರಗು ಸರಿ ಮಾಡಿಕೊಂಡು ಬೈಗುಳಕ್ಕೆ ತಯಾರಾಗಿ ಜಗಲಿಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅಕ್ಕ ಗೇಟು ತೆಗೆದುಕೊಂಡು ಬಂದಳು. ಕೈಗೆಲ್ಲ ಮಣ್ಣು — ಸತ್ತವನ್ನು ಹೂತು ಬಂದಿದ್ದಳು.

"ಏನ್ ಹೊಡುದ್ರಿ? ಬಾಟ್ಲಿ ತತ್ತಾ."

ತಂದು ತೋರಿಸಿದೆ. ಹೆಸರು ಓದಿಕೊಂಡಳು.

"ಅಕ್ಕಾ, ನಿನ್ನೆ ಕೂಗ್ದೆ. ಬೀಗ ಹಾಕಿತ್ತು."

"ಚಲುವಮ್ಮ ಏಳುದ್ಲು ಕಣೆ. ನಾವು ಬರೋ ಒತ್ಗೆ ಆಗೋಗಿತ್ತು." ನನ್ನ ಕತ್ತಿನ ದದ್ದು ನೋಡಿದಳು. ನುಗ್ಗೆಮರ ನೋಡಿದಳು. "ಇದ್ಕೂ ಹೊಡೀತಾರಾ?"

"ಇನ್ನೇನು ಮಿಸಿನ್ ಬತ್ತದೆ."

"ಬ್ಯಾಡ ಅನ್ನು. ನಿಮ್ ಹುಳ ನಾನ್ ತಗೀತೀನಿ."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ, ಬೇಡಲೂ ಇಲ್ಲ. ಸತ್ತದ್ದು ಒಂದು ಸ್ಟ್ಯಾಂಡು. ಉಳಿದದ್ದನ್ನು ಉಳಿಸಿಕೊಳ್ಳಲು ದಾರಿ ಹುಡುಕುತ್ತ ನೇರ ನಮ್ಮ ಮರಕ್ಕೇ ಬಂದಿದ್ದಳು.

ಮಿಸಿನ್ನಿನವನು ಬಂದ. "ಡ್ರೈವರಣ್ಣ ಏಳವ್ರೆ" ಅಂದ. "ಡ್ರೈವರಣ್ಣನ ಹೆಂಡ್ತಿ ಬ್ಯಾಡ ಅಂತವ್ಳೆ" ಅಂದೆ. ಗೊಣಗಿಕೊಂಡು ಹೋದ.

ದೀಪಿಕ ಹೇಳಿದ್ದನ್ನು ಅಕ್ಕನಿಗೆ ಹೇಳಿದೆ. ತಲೆಯಾಡಿಸಿ, ಭಾವನ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಮುಖಕ್ಕೆ ಟವೆಲ್ ಸುತ್ತಿ, ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಳು. ಅಗಲದ ಟಬ್ಬಿಗೆ ಸೋಪಿನ ಪುಡಿ ಕಲಕಿ ಕಾಂಡಕ್ಕೆ ಒತ್ತಿ ಇಟ್ಟಳು. ನಾನು ಮೂಗಿಗೆ ಮಾಸ್ಕ್ ಹಾಕಿ ಅಡುಗೆಮನೆ ಕಿಟಕಿಯಿಂದ ನೋಡಿದೆ. ಹತ್ತಿರ ಬಿಡಲಿಲ್ಲ ಅವಳು.

ಪೊರಕೆಯಲ್ಲಿ ಮೇಲಿಂದ ಕೆಳಕ್ಕೆ ಒಂದೇ ಎಳೆತ. ಕಂಬಳಿ ಜಾರಿ ಬಿದ್ದ ಹಾಗೆ ಇಡೀ ಗುಂಪು ಟಬ್ಬಿಗೆ. ಆಚೀಚೆ ಸಿಡಿದದ್ದನ್ನು ಕಡ್ಡಿಯಲ್ಲಿ ಎತ್ತಿ ಹಾಕಿದಳು. ಅವಸರವಿಲ್ಲ. ಅಸಹ್ಯವಿಲ್ಲ. ಆಮೇಲೆ ಏಣಿ. ಮಚ್ಚು ಸೊಂಟಕ್ಕೆ ಸಿಕ್ಕಿಸಿ ಕವಲಿನವರೆಗೆ ಹತ್ತಿ ಬೋಳು ಕೊಂಬೆಗಳನ್ನು ಕಡಿದಳು. ನುಗ್ಗೆಮರ ಮೆದು, ಕಾಲು ಇಟ್ಟರೆ ಮುರಿಯುತ್ತದೆ. ಎಲ್ಲಿ ಭಾರ ಹಾಕಬೇಕೋ ಅಲ್ಲಿ ಮಾತ್ರ ಹಾಕುತ್ತಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು!

ಇಳಿಯುವಾಗ ಟವೆಲ್ ಜಾರಿತು. ಕೈಯಿಂದ ಕಣ್ಣು ಒರೆಸಿಕೊಂಡಳು. "ಅಕ್ಕಾ, ಒರೆಸ್ಕೋಬೇಡ!" ಅಂತ ಕೂಗಿದೆ. ಅಷ್ಟರಲ್ಲಿ ಒರೆಸಿಕೊಂಡಾಗಿತ್ತು.

ಸಂಜೆ ಇವರ ಫೋನು. "ಮಿಸಿನ್ನೋನ್ನ ಯಾಕ್ ವಾಪಸ್ ಕಳ್ಸ್ದೆ?"

"ನೀವ್ ನಿಂಬೆಗೆ ಹೊಡ್ದಿದ್ಕೆ ಒಂದ್ ಸ್ಟ್ಯಾಂಡ್ ಹುಳ ಓಯ್ತು."

ಬಸ್‌ಸ್ಟ್ಯಾಂಡಿನ ಗದ್ದಲ ದೂರವಾಯಿತು, ಆಚೆಗೆ ಬಂದರೇನೋ.

"ಅವ್ರೇನಂದ್ರು?"

"ಅಕ್ಕ ಬಂದು ನಮ್ ಮರದ್ ಹುಳ ತಗುದ್ಲು."

ಫೋನ್ ಇಟ್ಟರು.

ಸೆ. 15, ಸೋಮ

ಬೆಳಿಗ್ಗೆ ನಾನೇ ಹೋದೆ, ಬೀದಿ ಸುತ್ತಿ. ಅಕ್ಕನ ಬಲಗಣ್ಣು ಪೂರ್ತಿ ಮುಚ್ಚಿದೆ. ಬಲಗೈ ಬೆರಳು ಮಡಿಸಲು ಆಗದಷ್ಟು ಊದಿವೆ. ಅಂಟುಟೇಪು ಒತ್ತಿ ಒತ್ತಿ ಎತ್ತಿ ಸಿಕ್ಕಷ್ಟು ಕೂದಲು ತೆಗೆದೆ. ಕಣ್ಣಿಗೆ ನೀರು ಹಾಕಿ ತೊಳೆದೆ. ಡಾಕ್ಟರಮ್ಮನಿಗೆ ಫೋಟೊ ಕಳಿಸಿ, ಅವರು ಹೇಳಿದಂತೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದೆ. ಕಣ್ಣಿಗೆ ಅಪಾಯವಿಲ್ಲ. ದೇವರು ದೊಡ್ಡವನು.

ಆಟೋದಲ್ಲಿ ಅವಳ ಚಿಂತೆ ಕಣ್ಣಿನದಲ್ಲ. "ಮೈಮ್ಯಾಲೆ ಇನ್ನೂ ಆ ಕೂದ್ಲು ಇದ್ದಾತು. ನಾನ್ ಹುಳದ್ ಮನೆ ಒಳಿಕ್ ಓಗಂಗಿಲ್ಲ. ನಿಮ್ ಬಾವ್ನಿಗೆ ಸೊಪ್ಪು ಕುಯ್ದು ತರಕ್ಕೇ ಒತ್ತು ಸಾಲಕಿಲ್ಲ." ಒಂದೇ ಕಣ್ಣಲ್ಲಿ ನನ್ನ ಕಡೆ ನೋಡಿದಳು. "ನೀನ್ ಬಂದು ಹಾಕ್ತ್ಯಾ?"

"ನಂಗೆ ಹುಳ ಅಂದ್ರೆ..."

"ನಂಗೇನ್ ಗೊತ್ತಿಲ್ವಾ? ಕಣ್ ಮುಚ್ಕಂಡ್ ಹಾಕು. ನಂಗೂ ಒಂದ್ ಮುಚ್ಚದೆ."

ಆಟೋದವನಿಗೂ ನಗು ತಡೆಯಲಿಲ್ಲ.

ರಜೆ ಹಾಕಿದೆ. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಕಾಲು ತೊಳೆದು ಹುಳದ ಮನೆಯೊಳಗೆ. ಅಕ್ಕ ದೂರದಲ್ಲಿ ಹುಣಸೆಮರದ ಕೆಳಗೆ ಕೂತು ಹೇಳುತ್ತಾಳೆ, ನಾನು ಮಾಡುತ್ತೇನೆ. ರೆಂಬೆಸಮೇತ ಸೊಪ್ಪು ಹರಡಬೇಕು, ಒತ್ತಾಗಬಾರದು, ಒದ್ದೆಯಿದ್ದರೆ ಹಾಕಬಾರದು. ಮೊದಲ ಸ್ಟ್ಯಾಂಡಿಗೆ ನಿಜವಾಗಲೂ ಕಣ್ಣು ಮುಚ್ಚಿಕೊಂಡೇ ಹಾಕಿದೆ. ಒಂದು ಹುಳ ಬೆರಳಿಗೆ ತಾಗಿತು. ತಣ್ಣಗಿತ್ತು. ಮಗುವಿನ ಕಿವಿಯ ಹಾಲೆಯಂತೆ ಮೆತ್ತಗೆ.

ಕಣ್ಣು ಬಿಟ್ಟೆ. ಅಷ್ಟೂ ಹುಳ ಒಟ್ಟಿಗೆ ಮೇಯುತ್ತಿದ್ದವು. ಪಕ್ಕದ ಮನೆಯಲ್ಲಿ ಹಪ್ಪಳ ಕರಿಯುವಂಥ ಸದ್ದು. ಎಷ್ಟು ಹೊತ್ತು ನಿಂತಿದ್ದೆನೋ. ಆಚೆಯಿಂದ "ಸತ್ತ್ಗಿತ್ತೋದ್ಯೇನೇ?" ಅಂತ ಕೇಳಿತು.

ಭಾವ ಹೊರೆ ಇಳಿಸಿ ನನ್ನನ್ನು ನೋಡಿದರು. ಮಧ್ಯಾಹ್ನ ಲೋಟದಲ್ಲಿ ಮಜ್ಜಿಗೆ ತಂದು ಹೊಸಿಲ ಹತ್ತಿರ ಇಟ್ಟು ಹೋದರು.

ಸೆ. 16, ಮಂಗಳ

ಇವರು ಬಂದರು. ನಾನು ಹುಳದ ಮನೆಯಲ್ಲಿದ್ದೆ. ಹುಡುಕಿಕೊಂಡು ಆ ಮನೆ ಗೇಟಿನವರೆಗೆ ಬಂದು ನಿಂತರು. ಒಳಗೆ ಬರಲಿಲ್ಲ. ಅಕ್ಕ ಹುಣಸೆಮರದ ಕೆಳಗೆ.

"ಅತ್ಗೆ... ಕಣ್ಣು..."

"ನಿಮ್ ಮರದ್ ಹುಳ ಕಣಪ್ಪ. ನಿನ್ನಂಗೇ. ಮುಟ್ಟುದ್ರೆ ಚುಚ್ಚವು."

ಇವರು ತಲೆ ತಗ್ಗಿಸಿದರು. "ಗಾಳಿ ಇಷ್ಟೊಂದ್ ಹೊಡಿತದೆ ಅಂತ ಗೊತ್ತಾಗ್ಲಿಲ್ಲ ಅತ್ಗೆ. ತಪ್ಪಾಯ್ತು."

"ನಂಗ್ಯಾಕೆ ಏಳ್ತೀಯ? ಸೊಪ್ಪು ಹೊತ್ತು ಹೊತ್ತು ಸೊಂಟ ಬಿದ್ದೋಗಿರೋದು ನಿಮ್ಮಣ್ಣಂದು. ಅಲ್ಲೇಳು."

ಹೇಳಲಿಲ್ಲ. ಮನೆಗೆ ಹೋಗಿ ಕಾಂಡಕ್ಕೆ ಗೋಣಿ ಸುತ್ತಿ ಗ್ರೀಸ್ ಬಳಿದರು. ಬುಡದ ಮಣ್ಣು ಅಗೆದು ಒಳಗೆ ಸೇರಿದ್ದ ಕೋಶ ಕಟ್ಟಿದ ಹುಳಗಳನ್ನು ಆರಿಸಿ ತೆಗೆದರು. ಸಂಜೆಗೆ ಮತ್ತೆ ಒಂದು ಬೊಗಸೆಯಷ್ಟು ಹುಳ ಗೋಣಿಯ ಕೆಳಗೆ ಗುಂಪಾಗಿದ್ದವು. ಅವನ್ನೂ ಟಬ್ಬಿಗೆ. ಒಡೆದ ಔಷಧಿ ಬಾಟಲ್ ದುಡ್ಡು ಕೇಳದೆಯೇ ಅಂಗಡಿಗೆ ವಾಪಸ್ ಹೋಯಿತು.

ಸೆ. 19, ಶುಕ್ರ

ಎರಡು ದಿನ ಬರೆಯಲು ಹೊತ್ತೇ ಸಿಕ್ಕಿಲ್ಲ. ಬೆಳಿಗ್ಗೆ ಸೊಪ್ಪು, ಆಸ್ಪತ್ರೆ, ಸಂಜೆ ಸೊಪ್ಪು, ರಾತ್ರಿ ಸೊಪ್ಪು. ಲ್ಯಾಬಿನಲ್ಲಿ ಕೂತರೂ ಕೈ ಹಿಪ್ಪುನೇರಳೆ ವಾಸನೆ.

ಅಕ್ಕನ ಕಣ್ಣು ತೆರೆದಿದೆ, ಕೆಂಪಾಗಿದೆ. ಬೆರಳಿನ ಊತ ಇಳಿಯುತ್ತಿದೆ. ಎರಡು ಸಲ ತಲೆಗೆ ನೀರು ಹಾಕಿಕೊಂಡು ಇವತ್ತು ಒಳಗೆ ಬಂದಳು. ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹೋಗಿ ಬಗ್ಗಿ ಬಗ್ಗಿ ನೋಡಿದಳು. ನನಗೆ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾದಂತಾಗಿತ್ತು.

"ಪರ್ವಾಗಿಲ್ಲ ಕಣೆ. ದುಂಡುಗವೆ."

ಈ ವರ್ಷ ನನಗೆ ಯಾರೂ ಇಷ್ಟು ದೊಡ್ಡ ಮಾತು ಹೇಳಿರಲಿಲ್ಲ.

ಸಂಜೆ ನಮ್ಮ ಹಿತ್ತಲಿಗೂ ಬಂದಳು. ಕಡಿದ ನುಗ್ಗೆಯ ಕವಲಿನಲ್ಲಿ ಚಿಗುರು ಕಣ್ಣು ಬಿಟ್ಟಿದೆ. ಕರಿಬೇವಿನಲ್ಲಿ ಹಕ್ಕಿಹಿಕ್ಕೆಯಂಥ ಹುಳ ಒಂದಿತ್ತು. ಕೀಳಲು ಹೋದೆ. "ಬುಡೆ ಅತ್ಲಾಗೆ. ಒಂದು ತಿಂದ್ರೆ ಗಿಡ ಸಾಯಾಕಿಲ್ಲ. ಜಾಸ್ತಿ ಆದ್ರೆ ನೋಡನ" ಅಂದಳು. ಅಷ್ಟೆಲ್ಲ ಕಳೆದುಕೊಂಡ ಮೇಲೂ ಕೈಯಲ್ಲಿ ಇಷ್ಟು ತಾಳ್ಮೆ ಎಲ್ಲಿಂದ ಬರುತ್ತದೆ ಇವಳಿಗೆ. ಕೇಳಲಿಲ್ಲ. ಕೇಳಿದ್ದರೆ ಬೈಯುತ್ತಿದ್ದಳು.

ಸೆ. 20, ಶನಿ

ನಾಳೆ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡಬೇಕು. ಹೋದ ವರ್ಷ ಅತ್ತೆಮಾವನಿಗೆ ಗೋಡೆಯ ಆಚೆ ಒಂದು ಎಡೆ, ಈಚೆ ಒಂದು. ಅವರು ಎಲ್ಲಿಗೆ ಬಂದು ಉಂಡರೋ. ಇವರು ಕೋಳಿ ತಂದರು. ರಜೆ ಹಾಕಿದ್ದಾರೆ. ಆದರೂ ಅಣ್ಣನ ಹತ್ತಿರ ಹೋಗಿಲ್ಲ. ಎರಡು ಸಲ ಗೇಟಿನವರೆಗೆ ಹೋಗಿ ಬಂದರು, ನಾನು ನೋಡಿದೆ.

ಸೆ. 21, ಭಾನುವಾರ. ಮಧ್ಯಾಹ್ನ

ಒಂದು ಗಳಿಗೆ ಬಿಡುವು ಸಿಕ್ಕಿದೆ, ಬರೆದುಬಿಡುತ್ತೇನೆ. ಮಸಾಲೆ ರುಬ್ಬುತ್ತಿದ್ದೆ. ಗೋಡೆಯಾಚೆಯಿಂದ ಅಕ್ಕ, "ಅರುಂಧತೀ! ಹುಳ ಹಣ್ಣಾದ್ವು ಬಾರೇ!" ನಾಳೆ ಆಗಬಹುದು ಅಂದುಕೊಂಡಿದ್ದೆವು. ಹಣ್ಣಾದ ಹುಳ ಕಾಯುವುದಿಲ್ಲ. ಮೇವು ಬಿಟ್ಟು, ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಜಾಗ ಹುಡುಕುತ್ತವೆ. ಆರಿಸಿ ಆರಿಸಿ ಚಂದ್ರಿಕೆಯ ಮೇಲೆ, ಗೂಡು ಕಟ್ಟುವ ಬಿದಿರಿನ ತಟ್ಟಿಯ ಮೇಲೆ, ಬಿಡಬೇಕು, ಇಲ್ಲದಿದ್ದರೆ ಸಿಕ್ಕಲ್ಲಿ ನೂಲು ಬಿಟ್ಟು ಹಾಳು. ಕೈ ತೊಳೆದು ಓಡಿದೆ.

ಮೂವರೂ ಆರಿಸಿದೆವು. ಸಾಲಲಿಲ್ಲ. ಹಬ್ಬದ ದಿನ, ಆಳು ಎಲ್ಲಿ ಸಿಗುತ್ತಾರೆ. ಎಲ್ಲ ಸ್ಟ್ಯಾಂಡೂ ಒಟ್ಟಿಗೇ ಹಣ್ಣಾಗುತ್ತಿವೆ. ಭಾವ ಬೆನ್ನು ನೆಟ್ಟಗೆ ಮಾಡಲು ಬಾಗಿಲಿಗೆ ಬಂದರು. ಹೊರಗೆ ಇವರು. ಯಾವಾಗ ಬಂದು ನಿಂತಿದ್ದರೋ. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಕೈ ಎಲ್ಲಿಡಬೇಕು ಅಂತ ತಿಳಿಯದೆ.

"ಅಣ್ಣ, ಅವತ್ತು ನಾನು..."

ಅಕ್ಕ ತಲೆ ಎತ್ತಲಿಲ್ಲ. ನಾನು ಹುಳ ಹಿಡಿದ ಕೈ ಹಾಗೇ ನಿಲ್ಲಿಸಿದೆ.

ಭಾವ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. "ಚಪ್ಲಿ ಆಚೆ ಬುಟ್ಟು ಬಾರ್ಲಾ" ಅಂದರು. "ಆ ಮೂಲೆ ಸ್ಟ್ಯಾಂಡ್ ನೀನ್ ನೋಡ್ಕೊ. ಮೆತ್ಗೆ ಎತ್ತು."

ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಆರಿಸುತ್ತಿದ್ದಾರೆ. ಇನ್ನೂ ಮಾತಿಲ್ಲ. ಒಬ್ಬರ ಚಂದ್ರಿಕೆ ತುಂಬಿದರೆ ಇನ್ನೊಬ್ಬರು ಖಾಲಿಯದನ್ನು ಚಾಚುತ್ತಾರೆ, ಅಷ್ಟೇ. ಅಕ್ಕ ನನ್ನನ್ನು ತನ್ನ ಅಡುಗೆಮನೆಗೆ ಕಳಿಸಿದಳು, ಒಂದೇ ಒಲೆ ಸಾಕು, ಎಡೆ ಒಂದೇ ಕಡೆ ಅಂತ. ಯಾರನ್ನೂ ಕೇಳಲಿಲ್ಲ ಅವಳು. ಅನ್ನ ಬೇಯುತ್ತಿದೆ. ಇಲ್ಲಿಂದ ಹುಳದ ಮನೆಯ ಬಾಗಿಲು ಕಾಣುತ್ತದೆ. ಇನ್ನೂ ಊತ ಇಳಿಯದ ಎರಡು ಬೆರಳನ್ನು ಬಿಟ್ಟು ಉಳಿದ ಮೂರರಲ್ಲೇ ಎಷ್ಟು ಹಗುರಾಗಿ ಎತ್ತುತ್ತಾಳೆ, ಹುಳಕ್ಕೆ ತನ್ನನ್ನು ಯಾರೋ ಎತ್ತಿದರು ಅಂತಲೂ ಗೊತ್ತಾಗದ ಹಾಗೆ, ಒಂದಾದ ಮೇಲೆ ಒಂದು, ಇವರಿಗೂ ತೋರಿಸಿಕೊಡುತ್ತಿದ್ದಾಳೆ, ಇವರ ಒರಟು ಕೈ ಹಿಡಿದು ಹೀಗೆ ಅಂತ, ಮತ್ತೆ ಭಾವ ಏನೋ ಅಂದರು, ಇವರು ನಕ್ಕರು, ಅಯ್ಯೋ, ಅನ್ನ ಉಕ್ಕುತ್ತಿದೆ—